ಚಪ್ಪಲಿ ಲೆಕ್ಕ

ಮಧ್ಯಾಹ್ನ ಊಟದ ಹೊತ್ತಿಗೆ ಮೊಮ್ಮಗಳು ಕೇಳಿದ ಒಂದು ಪ್ರಶ್ನೆ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನಂತೆ ಅವರನ್ನು ಪೀಡಿಸುತ್ತಿತ್ತು. ಬೇಡವೆಂದರೂ ನಾಲಗೆ ಅಲ್ಲಿಗೇ ಹೋಗುತ್ತಿತ್ತು. ಮಗಳ ಮನೆಯ ಹಜಾರದಲ್ಲಿ, ಕಿಟಕಿಗೆ ಬೆನ್ನು ಮಾಡಿದ ಬೆತ್ತದ ಕುರ್ಚಿಯಲ್ಲಿ ಕೂತು, ಅವರು ಬೆಳಗಿನ ಪತ್ರಿಕೆಯ ಒಂದೇ ಸಾಲನ್ನು ಎಷ್ಟನೆಯದೋ ಬಾರಿ ಓದುತ್ತಿದ್ದರು. ಒಳಕೋಣೆಯ ಬಾಗಿಲು ಅರ್ಧ ಮುಚ್ಚಿತ್ತು. ಅಲ್ಲಿಂದ ಪಾಠ ಹೇಳುವ ಒಂದು ಹೆಣ್ಣುದನಿ, ಮಗುವಿಗೆ ಕೊಡಿಸಿದ್ದ ಟ್ಯಾಬ್‌ನದು, ಏರಿಳಿತವಿಲ್ಲದೆ ಕೇಳಿಬರುತ್ತಿತ್ತು. ಶಾಲೆಯ ವ್ಯಾನು ಮಗುವನ್ನು ಮಧ್ಯಾಹ್ನ ಇಳಿಸಿ ಹೋದಮೇಲೆ, ಆಸ್ಪತ್ರೆಯ ಔಷಧದ ಕೌಂಟರಿನಿಂದ ಮಗಳು ಸಂಜೆ ಬರುವವರೆಗೆ, ಈ ಮನೆ ಅವರ ವಶ. ಹೆಂಡತಿ ಹೋದಮೇಲೆ ಎರಡು ಬೀದಿಯಾಚೆಯ ಒಂಟಿ ಕೋಣೆಯಲ್ಲಿ ಬೆಳಗುಗಳನ್ನು ಹೇಗೋ ನೂಕಿ ಅವರು ಬದುಕುತ್ತಿದ್ದುದು ಈ ಮಧ್ಯಾಹ್ನಗಳಿಗಾಗಿಯೇ. ಇದನ್ನು ಯಾರ ಮುಂದೆಯೂ ಒಪ್ಪಿಕೊಳ್ಳುವ ಜಾತಿಯವರಲ್ಲ. ಮೊಮ್ಮಗಳಿಗೆ ಸಾಸಿವೆ ಎಂದು ಅಡ್ಡಹೆಸರಿಟ್ಟವರೂ ಅವರೇ. ಹುಟ್ಟಿದಾಗ ಅಷ್ಟೇ ಇದ್ದಳು; ಮಾತು ಬಂದಮೇಲೆ ಕಾದ ಎಣ್ಣೆಗೆ ಬಿದ್ದವಳಂತೆ ಸಿಡಿಯತೊಡಗಿದಳು.

ಇವತ್ತು ಸಿಡಿದದ್ದು ಅವರ ಕಥೆಯ ಮೇಲೆ. ಆ ಕಥೆಯನ್ನು ಅವರು ಎಷ್ಟು ವರ್ಷದಿಂದ ಹೇಳಿಕೊಂಡು ಬಂದಿದ್ದರೆಂದರೆ ಅದರಲ್ಲಿ ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ಕೇಳುವವರು ನಗುತ್ತಾರೆ, ಎಲ್ಲವೂ ಅಂಗೈಯ ಗೆರೆಯಷ್ಟು ಪರಿಚಿತ. ನಾವು ಏಳು ಮಕ್ಕಳು. ಬೆಳಿಗ್ಗೆ ಮನೆ ಬಿಟ್ಟರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದೆವು. ಎಲ್ಲಿಗೆ ಹೋದಿರಿ, ಏನು ತಿಂದಿರಿ, ಯಾರ ಮರ ಹತ್ತಿದಿರಿ, ಒಂದು ನರಪಿಳ್ಳೆಯೂ ಕೇಳುತ್ತಿರಲಿಲ್ಲ. ಮನೆಗೆ ಇದ್ದದ್ದು ಒಂದೇ ಕಾನೂನು: ಕಾಲು ತೊಳೆದುಕೊಂಡು ಒಳಗೆ ಬಾ. ಅಮ್ಮ ದೀಪ ಹಚ್ಚಿ ಹೊಸ್ತಿಲಿಗೆ ಬಂದು ಸಾಲಾಗಿ ಬಿಟ್ಟ ಚಪ್ಪಲಿಗಳ ಮೇಲೆ ಒಮ್ಮೆ ಕಣ್ಣು ಹಾಯಿಸುತ್ತಿದ್ದಳು. ಏಳು ಜೊತೆ ಇದ್ದರೆ ಏಳು ಮಕ್ಕಳೂ ಇದ್ದಾರೆ, ಅಗುಳಿ ಹಾಕು. ಒಂದು ದಿನ ನೀರಿನ ಕೊಳವೆ ಹಾಕಲೆಂದು ಊರಾಚೆ ತಂದು ಉರುಳಿಸಿದ್ದ ಸಿಮೆಂಟಿನ ದೊಡ್ಡ ದೊಡ್ಡ ಪೈಪುಗಳ ನಡುವೆ ಕಣ್ಣಾಮುಚ್ಚಾಲೆ. ಹುಡುಗ, ಅಂದರೆ ನಾನೇ, ಚಪ್ಪಲಿ ಹೊರಗೆ ಬಿಟ್ಟು ಒಂದು ಪೈಪಿನೊಳಗೆ ಎಷ್ಟು ಚೆನ್ನಾಗಿ ಅಡಗಿದನೆಂದರೆ ಹುಡುಕುವವರಿಗೆ ಬೇಸರ ಬಂದು ಆಟವೇ ಮುಗಿಯಿತು. ಬರಿಗಾಲಲ್ಲಿ ಮನೆಗೆ ಓಡಿರಬೇಕು ಎಂದುಕೊಂಡ ಅಕ್ಕ ಅವನ ಚಪ್ಪಲಿಯನ್ನು ಎತ್ತಿಕೊಂಡು ಹೋಗಿ ಸಾಲಿನಲ್ಲಿಟ್ಟಳು. ಅಮ್ಮ ನೋಡಿದಳು, ಲೆಕ್ಕ ಸರಿ! (ಇಲ್ಲಿ ನಗು.) ಹುಡುಗ ಪೈಪಿನ ಗುಂಡು ಬಾಯಿಯಿಂದ ನಕ್ಷತ್ರ ನೋಡುತ್ತ, ರಾಜನ ಹಾಗೆ ಮಲಗಿದ. ಬೆಳಿಗ್ಗೆ ಬಂದರೆ ಬಾಗಿಲು ಆಗಲೇ ತೆರೆದಿದೆ, ಅಮ್ಮ ಒಲೆಯ ಮುಂದೆ ಕೂತಿದ್ದಾಳೆ. ಹುಡುಗ ಹೋಗಿ ಸಾಲಿನಲ್ಲಿ ಕೂತ, ತನ್ನ ಲೋಟ ಎತ್ತಿಕೊಂಡ, ಹಾಲು ಕುಡಿದ. ಮನುಷ್ಯ ಒಂದು ರಾತ್ರಿಯಿಡೀ ಮನೆಯಲ್ಲಿರಲಿಲ್ಲ, ಒಬ್ಬರಿಗೂ ಗೊತ್ತಾಗಲಿಲ್ಲ! ಬಾಲ್ಯ ಅಂದರೆ ಅದು. ಈಗಿನವರದು ಬಾಲ್ಯವಲ್ಲ, ಜಾಮೀನು.

ಇಷ್ಟು ಹೇಳಿ ಅವರು ಎಂದಿನಂತೆ ನಗುವಿಗೆ ಕಾದರು. ಸಾಸಿವೆ ನಗಲಿಲ್ಲ. ತುತ್ತನ್ನು ಕೆನ್ನೆಯ ಒಂದು ಬದಿಗೆ ತಳ್ಳಿ, ಹುಬ್ಬು ಗಂಟಿಕ್ಕಿ, "ಊಟಕ್ಕೆ ಬಡಿಸ್ವಾಗ ಗೊತ್ತಾಗ್ಲಿಲ್ವಾ ತಾತ ಮುತ್ತಜ್ಜಿಗೆ?" ಎಂದಳು. "ಒಂದು ತಟ್ಟೆ ಹಾಗೇ ಉಳೀತಲ್ಲ?"

"ಏಳು ಮಕ್ಕಳು ಕಣೇ. ಬಂದೋರು ಬಂದ ಹಾಗೆ ತಿಂತಿದ್ವಿ."

"ಈಗ ತಾನೇ ಎಲ್ಲರೂ ಸಾಲಾಗಿ ಕೂತ್ಕೋತಿದ್ವಿ ಅಂದ್ರಿ."

"ಅದು ಬೆಳಿಗ್ಗೆ."

"ರಾತ್ರಿ ಸಾಲಾಗಿ ಕೂರ್ತಿರ್ಲಿಲ್ವಾ?"

"ಅನ್ನ ಆರಿಹೋಗುತ್ತೆ, ತಿನ್ನು."

ಕೂರುತ್ತಿದ್ದೆವು. ರಾತ್ರಿಯೂ ಸಾಲಾಗಿಯೇ ಕೂರುತ್ತಿದ್ದೆವು. ಗೋಡೆಗೆ ಬೆನ್ನು ಕೊಟ್ಟು, ದೊಡ್ಡವರಿಂದ ಚಿಕ್ಕವರ ತನಕ, ತಮ್ಮದು ಅಕ್ಕನ ಪಕ್ಕದ ಜಾಗ. ಕಂದೀಲಿನ ಬೆಳಕು ಅಲ್ಲಿಗೆ ಸರಿಯಾಗಿ ಬೀಳುತ್ತಿರಲಿಲ್ಲವಾದ್ದರಿಂದ ಅಮ್ಮ ಬಗ್ಗಿ ಮುಖ ನೋಡಿ ಬಡಿಸುತ್ತಿದ್ದಳು. ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಕಥೆಯನ್ನು ಮದುವೆಮನೆಗಳಲ್ಲಿ, ರೈಲ್ವೆ ಕ್ಯಾಬಿನ್ನಿನಲ್ಲಿ ರಾತ್ರಿ ಪಾಳಿಯ ಜೊತೆಗಾರರಿಗೆ, ಹೆಂಡತಿಗೆ ಮೊದಲ ವರ್ಷವೇ, ಹೇಳಿದ್ದಾಯಿತು. ಒಬ್ಬರೂ ತಟ್ಟೆಯ ಮಾತೆತ್ತಿರಲಿಲ್ಲ. ಎಂಟು ವರ್ಷದ ಹುಡುಗಿ ಎತ್ತಿದಳು. ಊಟ ಮುಗಿಸಿ ಕೈತೊಳೆಯುತ್ತ ಅವಳು, ಅಂಥ ಪೈಪು ಈಗ ಎಲ್ಲಾದರೂ ಇದೆಯಾ ಎಂದು ಕೇಳಿದಾಗ, ವಿಷಯ ಬದಲಾದ ಸಮಾಧಾನದಲ್ಲಿ ಅವರು ಚಮಚದಿಂದಲೇ ಕಿಟಕಿಯ ಕಡೆಗೆ ತೋರಿಸಿದ್ದರು: ರಸ್ತೆಯ ಕೊನೆಯಲ್ಲಿ ಅಗೆಯುತ್ತಿದ್ದಾರಲ್ಲ, ಅಲ್ಲಿ.

ಮಗಳ ಪ್ರಕಾರ ಎಲ್ಲ ಅನರ್ಥಕ್ಕೂ ಈ ಕಥೆಗಳೇ ಮೂಲ. ಸಾಸಿವೆಯ ಮಣಿಕಟ್ಟಿಗೆ ಅವಳೊಂದು ಪಟ್ಟಿ ಕಟ್ಟಿದ್ದಳು. ನೀಲಿ ಬಣ್ಣದ, ಗಡಿಯಾರದಂಥದು. ಮಗು ಎಲ್ಲಿದ್ದರೂ ಮಗಳ ಫೋನಿನಲ್ಲಿ ಒಂದು ಹಸಿರು ಚುಕ್ಕಿ ಮಿಣುಕುತ್ತಿತ್ತು. ಹೋದ ವಾರ ಮಗುವಿಗೆ ಇರುವೆಗೂಡು ತೋರಿಸಲು ಕಟ್ಟಡದ ಹಿಂಬದಿಗೆ ಕರೆದುಕೊಂಡು ಹೋದಾಗ ಅವರ ಜೇಬಿನ ಫೋನು ಬಡಿದುಕೊಂಡಿತ್ತು. "ಅಪ್ಪ, ಚುಕ್ಕಿ ಯಾಕೆ ಕಾಂಪೌಂಡಿನ ಹತ್ರ ಇದೆ?" ಅವರು ಇರುವೆಯ ವಿಷಯ ಹೇಳಿದರು. ಮಾತ್ರೆಯ ಚೀಟಿ ಹಿಡಿದವರು ಅವಳ ಮುಂದೆ ನಿಂತಿದ್ದಿರಬೇಕು. ಒಂದು ಕ್ಷಣ ಬೇರೆಯವರಿಗೆ ಊಟಕ್ಕೆ ಮುಂಚೆ, ಊಟಕ್ಕೆ ಮುಂಚೆ ಎಂದು ಹೇಳಿ, ಮತ್ತೆ ಅದೇ ದನಿಯಲ್ಲಿ, "ಮೇಲೆ ಕರ್ಕೊಂಡು ಹೋಗಿ ಅಪ್ಪ" ಎಂದಿದ್ದಳು. ಸಂಜೆ ಬಂದು ಚೀಲ ಇಡುವ ಮೊದಲೇ ಶುರುಮಾಡಿದಳು.

"ನಿಮಗೆ ತಮಾಷೆ. ಆವತ್ತು ಪಾರ್ಕಲ್ಲಿ ಬೆಂಚಿನ ಮೇಲೆ ನಿದ್ದೆ ಹೋಗಿದ್ರಿ, ಮರೆತ್ರಾ? ಚುಕ್ಕಿ ಗೇಟಿಂದ ಆಚೆ ಬಂದಿತ್ತು. ನಾನು ಯೂನಿಫಾರ್ಮಲ್ಲೇ ಓಡಿಬಂದೆ."

"ಗೇಟಿನ ಪಕ್ಕ ನಿಂತು ನಾಯಿಮರಿ ನೋಡ್ತಿದ್ಲು ಕಣೆ. ನಾವೆಲ್ಲ ಆ ವಯಸ್ಸಲ್ಲಿ..."

"ಗೊತ್ತು. ಏಳು ಮಕ್ಕಳು, ಏಳು ಜೊತೆ ಚಪ್ಪಲಿ. ನಂಗೆ ಇರೋದು ಒಂದು ಮಗು, ಅಪ್ಪ. ಒಂದೇ ಒಂದು." ಆಮೇಲೆ ಅಡುಗೆಮನೆಯಲ್ಲಿ ನೀರು ಕುಡಿಯುತ್ತ, ಬೆನ್ನು ತಿರುಗಿಸಿಕೊಂಡೇ, ಶಾಲೆ ಬಿಟ್ಟ ಮಕ್ಕಳನ್ನು ಸಂಜೆಯವರೆಗೆ ನೋಡಿಕೊಳ್ಳುವ ಕಡೆ ವಿಚಾರಿಸಿದ್ದೇನೆ, ಒಂದು ಜಾಗ ಖಾಲಿಯಿದೆಯಂತೆ, ಎಲ್ಲ ಕೋಣೆಗೂ ಕ್ಯಾಮೆರಾ ಇದೆ ಎಂದಳು. "ಇನ್ನೊಂದ್ಸಲ ಹೀಗಾದ್ರೆ ಸೇರಿಸ್ಬಿಡ್ತೀನಿ. ಬೇಜಾರು ಮಾಡ್ಕೋಬೇಡಿ. ನಿಮಗೂ ವಯಸ್ಸಾಯ್ತು." ಅವರು ಬೇಜಾರು ಮಾಡಿಕೊಳ್ಳಲಿಲ್ಲ ಎಂದು ತೋರಿಸಲು ಚಪ್ಪಲಿ ಮೆಟ್ಟುವಾಗ ಸಿಳ್ಳೆ ಹಾಕಿದ್ದರು. ಸಿಳ್ಳೆ ಮೆಟ್ಟಿಲಿನ ಮೊದಲ ತಿರುವಿನ ತನಕ ಬಂತು.

ಚುಕ್ಕಿಯಂತೆ. ಅವರಿಗೆ ಚುಕ್ಕಿಯ ಸಹವಾಸ ಹೊಸದೇ? ಇಡೀ ನೌಕರಿ ರೈಲ್ವೆಯ ಸಿಗ್ನಲ್ ಕ್ಯಾಬಿನ್ನಿನಲ್ಲಿ ಕಳೆದವರು. ಈ ಕಟ್ಟಡದ ಮಕ್ಕಳಿಗೂ ದೊಡ್ಡವರಿಗೂ ಅವರು ಕ್ಯಾಬಿನ್ ತಾತ. ಗಾಡಿ ಹಳಿಯ ಯಾವ ತುಂಡಿನ ಮೇಲಿದೆಯೋ ಆ ತುಂಡಿನ ದೀಪ ಹಲಗೆಯ ಮೇಲೆ ಕೆಂಪಾಗುತ್ತಿತ್ತು, ಗಾಡಿ ದಾಟಿದಂತೆ ಆರುತ್ತಿತ್ತು. ಆದರೆ ಅವರಿಗೆ ಕೆಲಸ ಕಲಿಸಿದ ಮುದುಕ, ದೀಪವನ್ನೇ ನೋಡುತ್ತ ಕೂತವನ ತಲೆಗೆ ಮೊಟಕುತ್ತಿದ್ದ. ದೀಪ ಆರಿತೆಂದರೆ ಗಾಡಿ ಬಂದ ಹಾಗಲ್ಲವೋ, ಎದ್ದು ಕಿಟಕಿಗೆ ಹೋಗು, ಕೊನೆಯ ಡಬ್ಬಿಯ ಬೆನ್ನು ನೋಡು. ನಡುವೆ ಎಲ್ಲೋ ಕೊಂಡಿ ಕಳಚಿ ಎರಡು ಡಬ್ಬಿ ಹಿಂದೆ ಕತ್ತಲಲ್ಲಿ ನಿಂತುಬಿಟ್ಟಿದ್ದರೆ? ಕೊನೆಯ ಡಬ್ಬಿಯ ಗುರುತನ್ನು ಕಣ್ಣಾರೆ ಕಂಡಮೇಲೆಯೇ ಗಾಡಿ ಪೂರ್ತಿ ಬಂತು, ಹಾದಿ ಖಾಲಿ ಎಂದು ಹಿಂದಿನ ನಿಲ್ದಾಣಕ್ಕೆ ತಿಳಿಸಬೇಕು. ಚಳಿಯಾಗಲಿ, ಜ್ವರವಾಗಲಿ, ಅವರು ಒಂದು ಗಾಡಿಗೂ ಎದ್ದು ನಿಲ್ಲದೆ ಇದ್ದವರಲ್ಲ. ಹೆಂಡತಿ ಆಡಿಕೊಳ್ಳುತ್ತಿದ್ದಳು: ಮದುವೆಗೆ ಬಂದ ನೆಂಟರು ಹೊರಟಾಗಲೂ ಕೊನೆಯವನ ಬೆನ್ನು ಕಾಣುವ ತನಕ ಬಾಗಿಲಲ್ಲೇ ನಿಂತಿದ್ದರಂತೆ ಇವರು.

ಪತ್ರಿಕೆಯನ್ನು ಮಡಿಸಿ ಅವರು ಬಾಗಿಲ ಬಳಿ ಕಣ್ಣು ಹಾಯಿಸಿದರು. ತಮ್ಮ ಕಂದು ಚಪ್ಪಲಿಯ ಪಕ್ಕದಲ್ಲಿ ಸಾಸಿವೆಯ ಪುಟ್ಟ ಕೆಂಪು ಚಪ್ಪಲಿ ಇತ್ತು. ಇದ್ದಾಳೆ. ತಾವು ನೋಡಿದ್ದು ಏನನ್ನು, ತಿಳಿದುಕೊಂಡದ್ದು ಏನನ್ನು ಎಂಬುದು ಆ ಕ್ಷಣಕ್ಕೆ ಹೊಳೆಯಲಿಲ್ಲ. ಹೊಳೆದದ್ದು ಬೇರೆ ನೆನಪು. ಇದೇ ಮಗಳ ಮದುವೆಯ ಹಿಂದಿನ ದಿನ, ಮನೆತುಂಬ ಜನ, ತಾವು ನಡುವೆ ಕೂತು ಚಪ್ಪಲಿ ಲೆಕ್ಕದ ಕಥೆ ಹೇಳುತ್ತಿದ್ದೇವೆ. ಮೂಲೆಯಲ್ಲಿ ಅಮ್ಮ, ಆಗಲೇ ಒಣಗಿದ ಕಡ್ಡಿಯಂತಾಗಿದ್ದವಳು, ಗೋಡೆಗೆ ಒರಗಿದ್ದಾಳೆ. ಲೆಕ್ಕ ಸರಿ ಎನ್ನುವಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ಯಾರೋ ಕೇಳಿದರು, ಏನಜ್ಜಿ, ಹೆತ್ತ ಮಗನಿಗಿಂತ ಚಪ್ಪಲಿ ಮೇಲೇ ನಂಬಿಕೆಯಾ? ಅಮ್ಮನೂ ನಕ್ಕಳು. ಹಲ್ಲಿಲ್ಲದ ಬಾಯಿಗೆ ಸೆರಗು ಒತ್ತಿಕೊಂಡು, "ಹೂಂ ಕಣಪ್ಪ, ನನ್ನ ಲೆಕ್ಕ ಯಾವತ್ತೂ ತಪ್ಪೇ" ಎಂದಳು. ಅದಕ್ಕೆ ಇನ್ನೂ ದೊಡ್ಡ ನಗು. ಅವಳು ಎದ್ದು, ಗೋಡೆ ಹಿಡಿದುಕೊಂಡು, ಒಳಗೆ ಹೋದಳು. ಹೊತ್ತಿಗೆ ಮುಂಚೆ ಮಲಗಿದಳೆಂದು ಅಕ್ಕ ಆಮೇಲೆ ಹೇಳಿದಳು. ಅಕ್ಕನೂ ಈಗಿಲ್ಲ. ಕೇಳಿ ತಿಳಿಯೋಣವೆಂದರೆ ಆ ಸಾಲಿನಲ್ಲಿ ಉಳಿದಿರುವುದು ತಾವೊಬ್ಬರೇ.

ಒಳಗಿನ ದನಿ ಹೇಳುತ್ತಿತ್ತು: ಈಗ ನೀನು ಹೇಳು. ಸ್ವಲ್ಪ ಮೌನ. ಈಗ ನೀನು ಹೇಳು. ಮತ್ತೆ ಮೌನ. ಈಗ ನೀನು ಹೇಳು.

ಯಾರೂ ಹೇಳುತ್ತಿರಲಿಲ್ಲ. ಅವರು ಎದ್ದು ಬಾಗಿಲು ತಳ್ಳಿದರು. ಮೇಜಿನ ಮೇಲೆ ಟ್ಯಾಬ್ ಉತ್ತರಕ್ಕಾಗಿ ಕಾಯುತ್ತಿತ್ತು. ಕುರ್ಚಿ ಖಾಲಿ. ನೀರಿನ ಬಾಟಲಿಯ ಕುತ್ತಿಗೆಗೆ ನೀಲಿ ಪಟ್ಟಿಯನ್ನು ಒಪ್ಪವಾಗಿ, ಕೊನೆಯ ತೂತಿಗೆ ಬಿಗಿದು, ಕಟ್ಟಿತ್ತು. ಆಸ್ಪತ್ರೆಯ ಕೌಂಟರಿನಲ್ಲಿ ಮಗಳ ಫೋನಿನೊಳಗೆ ಹಸಿರು ಚುಕ್ಕಿ ಈಗಲೂ ಮನೆಯಲ್ಲೇ ಮಿಣುಕುತ್ತಿರಬೇಕು. ಲೆಕ್ಕ ಸರಿ. ಅವರು ಬಚ್ಚಲು ನೋಡಿದರು, ಮಂಚದ ಕೆಳಗೆ ನೋಡಿದರು, ನಾಚಿಕೆಯಾದರೂ ಕಪಾಟಿನೊಳಗೂ ನೋಡಿದರು. ಹಜಾರಕ್ಕೆ ಬಂದು ಕೆಂಪು ಚಪ್ಪಲಿಗಳನ್ನು ನೋಡುತ್ತ ನಿಂತರು. ಹುಡುಗಿ ಬರಿಗಾಲಲ್ಲಿ ಹೋಗಿದ್ದಾಳೆ. ಹೇಗೆ ಹೋಗಬೇಕೆಂದು ಅವಳಿಗೆ ಹೇಳಿಕೊಟ್ಟವರು, ಅನ್ನದ ಮುಂದೆ ಕೂರಿಸಿಕೊಂಡು, ಅಭಿನಯದ ಸಮೇತ ಹೇಳಿಕೊಟ್ಟವರು, ಬೇರೆ ಯಾರೂ ಅಲ್ಲ. ಕೊನೆಯ ಡಬ್ಬಿಯ ಬೆನ್ನು ಕಾಣದೆ ಹಾದಿ ಖಾಲಿ ಎನ್ನದ ಮನುಷ್ಯ, ಬೆತ್ತದ ಕುರ್ಚಿಯಲ್ಲಿ ಕೂತು, ಎರಡು ತುಂಡು ಕೆಂಪು ರಬ್ಬರನ್ನು ನೋಡಿ ಇದ್ದಾಳೆ ಎಂದುಕೊಂಡಿದ್ದ.

ಫೋನು ಕೈಗೆ ಬಂತು. ಮಗಳ ಹೆಸರಿನ ಮೇಲೆ ಹೆಬ್ಬೆರಳು ನಿಂತಿತು. ಒತ್ತಲಿಲ್ಲ. ಒತ್ತಿದರೆ ಕ್ಯಾಮೆರಾದ ಕೋಣೆ. ಒತ್ತದಿದ್ದರೆ, ಒತ್ತದಿದ್ದರೆ ಏನು ಎಂಬ ಮಾತನ್ನು ಮನಸ್ಸು ಪೂರ್ತಿ ಮಾಡಲಿಲ್ಲ. ಮಗು ಎಲ್ಲಿದೆಯೋ ತಿಳಿಯದ ಹೊತ್ತಿನಲ್ಲೂ ತಾನು ತನ್ನ ಮಧ್ಯಾಹ್ನಗಳನ್ನು ಎಣಿಸುತ್ತಿದ್ದೇನೆ ಎಂಬುದು ಅರಿವಿಗೆ ಬಂದು ಮುಖಕ್ಕೆ ಯಾರೋ ಉಗಿದಂತಾಯಿತು. ಫೋನನ್ನು ಜೇಬಿಗಿಳಿಸಿ ಲಿಫ್ಟಿಗೆ ಕಾಯದೆ ಮೆಟ್ಟಿಲು ಇಳಿದರು.

ಗೇಟಿನ ಕಾವಲುಗಾರ ಕುರ್ಚಿಯನ್ನು ನೆರಳಿನ ಜೊತೆಜೊತೆಗೇ ಸರಿಸಿಕೊಂಡು ಕೂತಿದ್ದ. "ಏನ್ ಕ್ಯಾಬಿನ್ ತಾತ, ಈ ಬಿಸಿಲಲ್ಲಿ ಯಾವ ಗಾಡಿಗೆ ಬಾವುಟ ತೋರಿಸ್ಬೇಕು?"

ನನ್ನ ಮೊಮ್ಮಗಳನ್ನು ಕಂಡೆಯಾ ಎಂದು ಕೇಳಬೇಕಿತ್ತು. ಕೇಳಿದರೆ ಇವನು ಸಂಜೆ ಮಗಳಿಗೆ ಹೇಳುತ್ತಾನೆ. "ಸುಮ್ನೆ. ಮಕ್ಕಳು ಮರಿ ಯಾರಾದ್ರೂ ಆಚೆ ಹೋದ್ರಾ?"

"ಮಕ್ಕಳಾ?" ಅವನು ನಕ್ಕ. "ಈ ಬಿಲ್ಡಿಂಗಲ್ಲಿ ಮಕ್ಕಳು ಅಂತ ಇದ್ದಾರಾ ತಾತ? ವ್ಯಾನ್ ಬರುತ್ತೆ, ವ್ಯಾನ್ ಹೋಗುತ್ತೆ. ಮಕ್ಕಳ ಕಾಲು ನೆಲಕ್ಕೆ ತಾಗಿದ್ದನ್ನ ನಾನಂತೂ ನೋಡಿಲ್ಲ."

ನೋಡಿರಲಿಲ್ಲ. ನೋಡಲು ಬೇಕಾದದ್ದು ಎದುರಿಗಿದ್ದರೂ ಯಾರೂ ನೋಡುವುದಿಲ್ಲ. ರಸ್ತೆ ಉದ್ದಕ್ಕೆ ಬಿದ್ದುಕೊಂಡಿತ್ತು: ಮುಚ್ಚಿದ ಗೇಟುಗಳು, ಹೊದಿಕೆ ಹೊದ್ದ ಕಾರುಗಳು, ಬಾಲ್ಕನಿಗಳಲ್ಲಿ ಒಣಗುವ ಶಾಲೆಯ ಅಂಗಿಗಳು, ಅಂಗಿಯ ಒಳಗಿರಬೇಕಾದವರು ಮಾತ್ರ ಎಲ್ಲೂ ಇಲ್ಲ. ಈ ನಿಶ್ಶಬ್ದವನ್ನು ಕುರಿತು ಅವರು ಎಷ್ಟೋ ಬಾರಿ ಭಾಷಣ ಬಿಗಿದಿದ್ದರು. ನಮ್ಮ ಬೀದಿಯಲ್ಲಿ ಈ ಹೊತ್ತಿಗೆ ಕಿವಿ ಕೊಡಲಾಗುತ್ತಿರಲಿಲ್ಲ, ಗೋಲಿ, ಬುಗುರಿ, ಜಗಳ, ಯಾರದೋ ಮಂಡಿಯ ರಕ್ತ, ಯಾರದೋ ಗಾಜು. ಈಗ ಅವರ ಕಿವಿ ಆ ನಿಶ್ಶಬ್ದದಲ್ಲಿ ಒಂದೇ ಒಂದು ಜೊತೆ ಬರಿಗಾಲಿನ ಸದ್ದಿಗಾಗಿ ಹಾತೊರೆಯುತ್ತಿತ್ತು, ಮತ್ತು ಒಂದು ಲಾರಿ ತಿರುವಿನಲ್ಲಿ ಹಾರ್ನ್ ಮಾಡಿದಾಗ ಗಕ್ಕನೆ ತಿರುಗಿ ನೋಡಿದರು. ನಮ್ಮ ಕಾಲದಲ್ಲಿ ಲಾರಿಗಳಿರಲಿಲ್ಲವೇ? ಇದ್ದವು. ಹಿಂದಿನ ಓಣಿಯ ಬಡಗಿಯ ಮಗನೊಬ್ಬ ಹಾಗೆಯೇ ಹೋದ, ಬುಗುರಿಯ ಹಿಂದೆ ಓಡಿ. ಆ ಹುಡುಗನನ್ನು ಅವರು ಕಥೆಗಳಿಂದ ಯಾವತ್ತೋ ಕೈಬಿಟ್ಟಿದ್ದರು. ಅವನು ಬಂದರೆ ಕಥೆಯಲ್ಲಿ ನಗು ಉಳಿಯುತ್ತಿರಲಿಲ್ಲ.

ರಸ್ತೆಯ ಕೊನೆಯಲ್ಲಿ ಅಗೆತ ನಿಂತಿತ್ತು. ಕೂಲಿಯವರು ಊಟಕ್ಕೆ ಹೋಗಿದ್ದರು. ಎಲ್ಲೋ ಒಡೆದ ನಲ್ಲಿಯಿಂದ ನೀರು ಹರಿದು ಮಣ್ಣೆಲ್ಲ ಕೆಸರಾಗಿತ್ತು. ಕಂದಕದ ಪಕ್ಕಕ್ಕೆ ಸಿಮೆಂಟಿನ ಪೈಪುಗಳು ಒಂದರ ಪಕ್ಕದಲ್ಲಿ ಒಂದು ಮಲಗಿದ್ದವು, ಬಿಸಿಲಿಗೆ ಬಾಯಿ ತೆರೆದುಕೊಂಡು. ಕಂದಕದ ಆಳವನ್ನು ಅವರು ಬಗ್ಗಿ ನೋಡಿದರು. ತಳದ ಕೆಂಪು ನೀರಿನಲ್ಲಿ ಆಕಾಶವಿತ್ತು, ಒಂದು ಪ್ಲಾಸ್ಟಿಕ್ ಚೀಲವಿತ್ತು. ಚೀಲವೇ. ಬೇರೆ ಏನೂ ಅಲ್ಲ. ಅಲ್ಲವೆಂದು ಖಚಿತವಾಗುವ ತನಕ ನಿಂತು ನೋಡಿ, ಮೊದಲ ಪೈಪಿನ ಮುಂದೆ ಮಂಡಿಯೂರಿ, ಒಳಗೆ ತಲೆ ಹಾಕಿದರು. ಹೊರಗಿನ ಬೆಳಕಿನಿಂದ ಬಂದ ಕಣ್ಣಿಗೆ ಒಳಗೆಲ್ಲ ಕತ್ತಲೆ. ಆಚೆಯ ಬಾಯಿಗೆ ಮಣ್ಣಿನ ಗುಡ್ಡೆ ಅಡ್ಡ ಬಂದಿತ್ತು. ಮೂಲೆಯಲ್ಲಿ ಏನೋ ಮುದುರಿಕೊಂಡಂತಿತ್ತು. ಅವರು ಕೈಯೂರಿ ತೆವಳಿದರು. ಮಂಡಿ ಚೀರಿತು, ಪ್ಯಾಂಟು ಕೆಸರಿನಲ್ಲಿ ನೆನೆಯಿತು, ಬೆನ್ನು ಮೇಲಿನ ಸಿಮೆಂಟಿಗೆ ತರಚಿತು. ಮುದುರಿಕೊಂಡದ್ದು ಗೋಣಿಚೀಲ. ಪೈಪಿನ ನಡುವೆ, ಮುಂದಕ್ಕೂ ಹೋಗಲಾರದೆ ತಿರುಗಲೂ ಆಗದೆ, ನಾಲ್ಕು ಕಾಲಿನ ಪ್ರಾಣಿಯಂತೆ ನಿಂತು ಅವರು ಕೂಗಿದರು.

"ಸಾಸಿವೇ!"

ದನಿ ಸಿಮೆಂಟಿಗೆ ಬಡಿದು ಯಾರದೋ ದನಿಯಾಗಿ ಮರಳಿತು. ಅದರ ಹಿಂದೆ ಮೌನ. ಇಲ್ಲಿಲ್ಲ. ಇಲ್ಲಿದ್ದರೆ ಓಗೊಡುತ್ತಿದ್ದಳು. ದೊಡ್ಡ ರಸ್ತೆಗೆ ಹೋಗಿರಬೇಕು, ಲಾರಿಗಳು, ಪಾರ್ಕು, ಅಲ್ಲಿಂದ ಆಚೆ ಬಸ್ಸು. ಬೇಗ, ಬೇಗ ಬೇರೆ ಕಡೆ ನೋಡಬೇಕು. ಅವರು ಹಿಮ್ಮುಖವಾಗಿ ತೆವಳತೊಡಗಿದರು. ಆಗ ತಣ್ಣಗಿನ ಸಿಮೆಂಟಿನ ಆ ವಾಸನೆ, ಒದ್ದೆ ಸುಣ್ಣದಂಥ, ಬಾಯಿಯಲ್ಲಿ ಕಬ್ಬಿಣ ಇಟ್ಟಂಥ ವಾಸನೆ, ಅವರನ್ನು ಹಿಡಿದು ನಿಲ್ಲಿಸಿತು.

ನಕ್ಷತ್ರ ನೋಡಿರಲಿಲ್ಲ. ನಕ್ಷತ್ರವನ್ನು ಆಮೇಲೆ, ಬಹುಶಃ ಮೀಸೆ ಬಂದಮೇಲೆ, ಕಥೆಗೆ ಸೇರಿಸಿದ್ದು. ಹುಡುಗ ಮಂಡಿಯನ್ನು ಎದೆಗೆ ಅಪ್ಪಿಕೊಂಡು, ಪೈಪಿನ ಒಳಗೋಡೆಗೆ ಅಂಟಿಕೊಂಡು, ಹುಡುಕಿಸಿಕೊಳ್ಳಲು ಕಾದಿದ್ದ. ಆಟ ಮುಗಿದದ್ದು ಅವನಿಗೆ ಗೊತ್ತಾಗಿತ್ತು. ಅಕ್ಕ ಚಪ್ಪಲಿ ಎತ್ತಿಕೊಂಡು ಹೋದದ್ದನ್ನೂ ಕಂಡಿದ್ದ. ಮನೆ ಕೂಗಳತೆಯಲ್ಲಿತ್ತು, ಎದ್ದು ನಡೆದರೆ ಸಾಕಾಗಿತ್ತು. ಯಾರಾದರೂ ಬರಲಿ ಎಂದು ಕೂತ. ಏಳು ಜನರಲ್ಲಿ ಒಬ್ಬ ಕಡಿಮೆಯಾದರೆ ಯಾರಿಗಾದರೂ ತಿಳಿಯುತ್ತದೆಯೇ ಎಂದು ನೋಡಲು ಕೂತ. ಕತ್ತಲಾಯಿತು, ಕಪ್ಪೆಗಳು ವಟಗುಟ್ಟತೊಡಗಿದವು. ಆಮೇಲೆ ದೂರದಲ್ಲಿ ಒಂದು ಕಂದೀಲು ಅಲ್ಲಾಡುತ್ತ ಬಂತು, ನಿಂತಿತು. ಒಂದು ಹೆಣ್ಣುದನಿ ಅವನ ಹೆಸರು ಹಿಡಿದು ಕೂಗಿತು. ಒಂದೇ ಸಲ.

ಹುಡುಗ ಓಗೊಡಲಿಲ್ಲ. ಇನ್ನಷ್ಟು ಹತ್ತಿರ ಬರಲಿ. ಇನ್ನೊಂದು ಸಲ ಕೂಗಲಿ. ಆಗ ಹೋಗುತ್ತೇನೆ. ಕಂದೀಲು ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಬೇರೆ ದಿಕ್ಕಿಗೆ, ಕೆರೆಯ ಕಡೆಗೆ, ಬೇಗಬೇಗನೆ, ಹೊರಟುಹೋಯಿತು. ಇಷ್ಟೇನಾ, ಎಂದುಕೊಂಡ ಹುಡುಗ. ಒಂದು ಸಲ ಕೂಗಿದರೆ ಆಯಿತಾ ಎಂದು ಹಲ್ಲು ಕಚ್ಚಿ, ಆ ದನಿಯನ್ನೇ ಕೇಳಲಿಲ್ಲವೆಂದು ತೀರ್ಮಾನಿಸಿ, ಮುಖವನ್ನು ಮಂಡಿಗೆ ಒತ್ತಿಕೊಂಡ. ಆ ತೀರ್ಮಾನವನ್ನು ಅವನು ಎಷ್ಟು ಗಟ್ಟಿಯಾಗಿ ಮಾಡಿದನೆಂದರೆ ಅದು ಇವತ್ತಿನವರೆಗೆ ಮುರಿಯದೆ ನಿಂತಿತ್ತು.

ಬೆಳಿಗ್ಗೆ ಅವನು ಕೆಸರುಗಾಲಲ್ಲೇ ಒಳಗೆ ಹೋದ, ಬೈಯಲಿ ಎಂದೇ. ಕಾಲು ತೊಳೆದುಕೊಂಡು ಬಾ ಎಂದು ಅಮ್ಮ ಅನ್ನಲಿಲ್ಲ. ಒಲೆಯ ಮುಂದೆ ಕೂತಿದ್ದವಳು ತಿರುಗಿ ಅವನನ್ನು ನೋಡಿದಳು, ನೋಡಿ, ಏನೂ ಅನ್ನದೆ ಮತ್ತೆ ಒಲೆಯ ಕಡೆ ತಿರುಗಿದಳು. ಅವಳ ಸೀರೆಯ ಅಂಚು ಒದ್ದೆಯಾಗಿತ್ತು. ಪಾದಗಳು, ಯಾರನ್ನೂ ಕಾಲು ತೊಳೆಯದೆ ಹೊಸ್ತಿಲು ದಾಟಗೊಡದ ಹೆಂಗಸಿನ ಪಾದಗಳು, ಹಿಮ್ಮಡಿಯ ಮೇಲಿನ ತನಕ ಕೆಸರಾಗಿದ್ದವು, ಒಣಗಿ ಬಿರುಕು ಬಿಟ್ಟಿದ್ದವು. ಅದನ್ನು ಹುಡುಗ ಕಂಡಿದ್ದ. ಕಂಡು, ನೀರು ತರಲು ಹೋಗಿದ್ದಳೇನೋ ಎಂದುಕೊಂಡಿದ್ದ. ಹೋಗಿದ್ದಿರಲೂಬಹುದು, ಈಗ ಹೇಳುವವರು ಯಾರು? ತಟ್ಟೆ ಉಳಿಯಿತಲ್ಲ, ಎಂದಳು ಸಾಸಿವೆ. ನನ್ನ ಲೆಕ್ಕ ಯಾವತ್ತೂ ತಪ್ಪೇ, ಎಂದಳು ಅಮ್ಮ, ಸೆರಗನ್ನು ಬಾಯಿಗೆ ಒತ್ತಿಕೊಂಡು, ಮನೆತುಂಬ ನೆಂಟರ ಮುಂದೆ.

ಪೈಪಿನ ಬಾಯಿಯಲ್ಲಿ ಅವರ ಕಾಲುಗಳು ಹೊರಗೆ ಚಾಚಿದ್ದವು. ಎದ್ದು ದೊಡ್ಡ ರಸ್ತೆಗೆ ಓಡಬೇಕಾದವರು ಓಡಲಿಲ್ಲ. ಮಂಡಿಯ ಮೇಲೆಯೇ ನಿಂತು, ಎದೆಯಲ್ಲಿದ್ದ ಗಾಳಿಯನ್ನೆಲ್ಲ ಒಟ್ಟುಮಾಡಿ, ಮಾನ ಮರ್ಯಾದೆ ಬಿಟ್ಟು, ಅವರು ಎರಡನೆಯ ಸಲ ಕೂಗಿದರು.

"ಸಾಸಿವೇ! ಎಲ್ಲಿದ್ದೀಯೇ ಮಗಾ! ಬಾರೇ!"

"ತಾತ" ಎಂಬ ದನಿ ಎಷ್ಟು ಹತ್ತಿರದಿಂದ ಬಂತೆಂದರೆ ಅವರ ತಲೆ ಸಿಮೆಂಟಿಗೆ ಬಡಿಯಿತು. ಅವರು ಹಿಂದೆ ಸರಿದು ಹೊರಬರುವಷ್ಟರಲ್ಲಿ ಪಕ್ಕದ ಪೈಪಿನಿಂದ ಮೊದಲು ಎರಡು ಕೆಸರುಪಾದಗಳು, ಆಮೇಲೆ ಲಂಗ, ಕೊನೆಯಲ್ಲಿ ಜೇಡರಬಲೆ ಹತ್ತಿದ ತಲೆ ಹೊರಬಂತು. ಅವಳು ಇವರ ಮುಖ ನೋಡಿ, ಕೆಸರು ನೋಡಿ, ಕಿಸಕ್ಕನೆ ನಕ್ಕಳು. "ನೀವು ಬೇರೆ ಪೈಪಿಗೆ ಹೋದ್ರಿ!"

ಅವರಿಗೆ ಹೊಡೆಯಬೇಕೆನಿಸಿತು, ಅಪ್ಪಿಕೊಳ್ಳಬೇಕೆನಿಸಿತು. ಎರಡನ್ನೂ ಮಾಡಲಾಗದೆ ಅವಳ ತಲೆಯ ಬಲೆಯನ್ನು ಬಿಡಿಸುತ್ತ ಕೂತರು. "ಮೊದ್ಲು ಕೂಗಿದ್ದು ಕೇಳಿಸ್ಲಿಲ್ವೇನೇ?"

"ಕೇಳಿಸ್ತು."

"ಮತ್ತೆ?"

ಸಾಸಿವೆ ಇದೇನು ಪ್ರಶ್ನೆ ಎಂಬಂತೆ ನೋಡಿದಳು. "ಇನ್ನೊಂದ್ಸಲ ಕೂಗ್ತೀರಾ ಅಂತ ಸುಮ್ನಿದ್ದೆ."

ಅವಳು ಎದ್ದು ಕೈ ಹಿಡಿದು ಜಗ್ಗಿದಮೇಲೆಯೇ ಅವರು ಎದ್ದರು. ಮರಳುವ ದಾರಿಯಲ್ಲಿ ಅವಳು ಪೈಪಿನೊಳಗೆ ಕಂಡ ಶತಪದಿಯನ್ನು, ಒಳಗೆ ಹಾಡಿದರೆ ಮೂರು ಜನ ಹಾಡಿದಂತೆ ಕೇಳುವುದನ್ನು, ಹಜಾರದಲ್ಲಿ ತಾತನ ಪತ್ರಿಕೆಯ ಮರೆಯಲ್ಲಿ ನುಸುಳಿದ್ದನ್ನು, ಕಾವಲುಗಾರನ ಬೆನ್ನ ಹಿಂದೆ ಬಗ್ಗಿಕೊಂಡು ದಾಟಿದ್ದನ್ನು ವರ್ಣಿಸುತ್ತ ಬಂದಳು. ಮುಖದಲ್ಲಿ ಇಡೀ ವರ್ಷದಲ್ಲಿ ಕಾಣದ ಬೆಳಕಿತ್ತು. ಅದೂ ಸುಳ್ಳಲ್ಲ ಎಂದು ಅವರು ಒಪ್ಪಿಕೊಳ್ಳಬೇಕಾಯಿತು. ಮನೆಯ ಬಾಗಿಲಿಗೆ ಬಂದಾಗ ಅವಳು ತಟ್ಟನೆ ದೊಡ್ಡವಳಾದಳು. "ಅಮ್ಮಂಗೆ ಹೇಳ್ಬೇಡಿ ತಾತ. ಹೇಳಿದ್ರೆ ನಿಮ್ಮನ್ನ ಬರ್ಬೇಡಿ ಅಂತಾರೆ." ಬಾಟಲಿಯ ಕುತ್ತಿಗೆಯಿಂದ ಪಟ್ಟಿ ಬಿಚ್ಚಿ, ಹಲ್ಲಿನಿಂದ ಎಳೆದು, ತಾನೇ ಮಣಿಕಟ್ಟಿಗೆ ಕಟ್ಟಿಕೊಂಡಳು. ಕಾಲು ತೊಳೆದುಕೊಂಡಳು. ಲಂಗ ಬದಲಿಸಿದಳು. ಅವರಿಗಾಗಿ ಬಚ್ಚಲಿನಲ್ಲಿ ಬಕೆಟ್ಟಿಗೆ ನೀರು ಬಿಟ್ಟು, ಟವೆಲ್ ತಂದಿಟ್ಟಳು.

ಅವರು ತೊಳೆದುಕೊಳ್ಳಲಿಲ್ಲ. ಬೆತ್ತದ ಕುರ್ಚಿಯಲ್ಲಿ, ಅಚ್ಚುಕಟ್ಟಾದ ಹಜಾರದ ನಡುವೆ, ಪಾದಗಳನ್ನು ಮುಂದಕ್ಕೆ ಚಾಚಿ ಕೂತರು. ಕೆಸರು ಹಿಮ್ಮಡಿಯ ಮೇಲೆ ಬಿಗಿಯುತ್ತ, ಒಣಗುತ್ತ, ಬಿರುಕು ಬಿಡುತ್ತ ಹೋಯಿತು. ಕಂಡವರು ಕಂಡುಕೊಳ್ಳಲಿ ಎಂದು ಸುಮ್ಮನಿದ್ದುಬಿಟ್ಟಳೇ ಅಮ್ಮ? ಇಲ್ಲ, ಕೇಳಿದರೆ ಹೇಳೋಣವೆಂದೇ? ಹೇಳಿದ್ದರೆ ಹುಡುಗನಿಗೆ ನಾಚಿಕೆಯಾದೀತೆಂದೇ? ಒಂದು ಮಾತು ಆಡಿದ್ದರೆ. ಒಂದು ಏಟು ಕೊಟ್ಟಿದ್ದರೆ.

ಮಗಳು ಬಂದಳು. ಬೀಗದ ಕೈ ತಿರುಗಿಸುವಾಗಲೇ ಹಗುರಾಗಿ ಮಾತಾಡುತ್ತಿದ್ದಳು. "ಇವತ್ತು ಚುಕ್ಕಿ ಅಲ್ಲಾಡೇ ಇಲ್ಲ ಅಪ್ಪ! ಮಧ್ಯಾಹ್ನದಿಂದ ಒಂದೇ ಕಡೆ. ನೋಡಿ, ಮನಸ್ಸು ಮಾಡಿದ್ರೆ ಎಷ್ಟು ಚೆನ್ನಾಗಿ ನೋಡ್ಕೋತೀರಾ." ಬಾಗಿ ಕೆಂಪು ಚಪ್ಪಲಿಯ ಪಕ್ಕಕ್ಕೆ ತನ್ನದನ್ನು ಬಿಟ್ಟಳು, ತಲೆಯೆತ್ತಿದಳು, ನೆಲದ ಮೇಲೆ ಅವರ ಕುರ್ಚಿಯ ತನಕ ಬಂದಿದ್ದ ಕೆಸರಿನ ಹೆಜ್ಜೆಗಳನ್ನು ನೋಡಿದಳು. "ಇದೇನಪ್ಪ ಇದು? ಬಿದ್ರಾ?"

ಬಿದ್ದೆ ಎಂದರೆ ಮುಗಿಯುತ್ತಿತ್ತು. ಒಳಬಾಗಿಲಲ್ಲಿ ನಿಂತ ಸಾಸಿವೆ ಕಣ್ಣಿನಲ್ಲೇ ಅದನ್ನು ಹೇಳಿಕೊಡುತ್ತಿದ್ದಳು.

"ಇಲ್ಲ. ಇವಳು ಆ ಪಟ್ಟೀನ ಬಾಟಲಿಗೆ ಕಟ್ಟಿ, ಚಪ್ಪಲಿ ಇಲ್ಲೇ ಬಿಟ್ಟು ಹೋಗಿದ್ಲು. ರಸ್ತೆ ಕೊನೇಲಿ ಪೈಪಿದೆಯಲ್ಲ, ಅಲ್ಲಿಗೆ. ನಂಗೆ ಗೊತ್ತಾಗ್ಲಿಲ್ಲ, ಪೇಪರ್ ಓದ್ತಿದ್ದೆ. ಆಮೇಲೆ ಹುಡುಕ್ದೆ."

ಮಗಳು ಮಗುವನ್ನು ನೋಡಿದಳು, ಫೋನನ್ನು ನೋಡಿದಳು, ಗೋಡೆಗೆ ಕೈ ಊರಿದಳು. ಅವಳು ಕಿರುಚುತ್ತಾಳೆಂದು ಅವರು ಕಾದರು. ಬಹಳ ಮೆಲ್ಲಗೆ, ಕೌಂಟರಿನ ದನಿಯಲ್ಲಿ, "ಸೋಮವಾರದಿಂದ ಅಲ್ಲಿಗೆ ಸೇರಿಸ್ತೀನಿ ಅಪ್ಪ" ಎಂದಳು.

"ಸೇರಿಸು."

"ಅಲ್ಲ ಅಪ್ಪ, ನಂಗೆ ಫೋನ್ ಯಾಕೆ ಮಾಡ್ಲಿಲ್ಲ? 'ಗೊತ್ತಾಗ್ಲಿಲ್ಲ', 'ಪೇಪರ್ ಓದ್ತಿದ್ದೆ', ಇದನ್ನ ಕೂತ್ಕೊಂಡು ಇಷ್ಟು ಸಲೀಸಾಗಿ..." ಅವರು ತಲೆ ತಗ್ಗಿಸಿದರು. ಹೇಳಬೇಕಾದ್ದು ಇದೆಯೆಂದು ಗೊತ್ತಿತ್ತು. ಅದು ಈ ಮಗಳಿಗೆ ಹೇಳುವುದಾಗಿರಲಿಲ್ಲ, ಕೇಳಬೇಕಾದವಳು ಮೂಲೆಯ ಗೋಡೆ ಹಿಡಿದುಕೊಂಡು ಎಂದೋ ಎದ್ದು ಹೋಗಿದ್ದಳು.

ಆಗ ಸಾಸಿವೆ, ಇಬ್ಬರ ನಡುವೆ ಬಂದು ನಿಂತು, ಇದೊಂದು ವಿಷಯ ಅಮ್ಮನಿಗೆ ಸರಿಯಾಗಿ ತಿಳಿದೇ ಇಲ್ಲವಲ್ಲ ಎಂಬಂತೆ, ತನ್ನ ಸ್ವಂತದ್ದೊಂದು ದೊಡ್ಡ ಆಸ್ತಿಯನ್ನು ತೋರಿಸುವವಳ ಹಾಗೆ ಎದೆ ಮುಂದಕ್ಕೆ ಮಾಡಿ ಹೇಳಿದಳು:

"ಅಮ್ಮ, ತಾತ ಎರಡು ಸಲ ಕೂಗಿದ್ರು."